ಆಕಾಶ ನೋಡುವ ಕೆಲಸ

ಮುಚ್ಚಿದ ಸ್ಟೀಲ್ ಡಬ್ಬಿಯೊಳಗೆ ಸಿಕ್ಕಿಕೊಂಡ ಸೊಳ್ಳೆ ಹೇಗೆ ಸದ್ದು ಮಾಡೀತೋ ಹಾಗಿತ್ತು ಅದು. ತಲೆಯ ಮೇಲೆ ಹುಟ್ಟಿ, ನೀರಿನ ಕಡೆಗೆ ಸರಿದು, ತೆಳ್ಳಗಾಗಿ, ಇನ್ನೇನು ನನ್ನ ಕಿವಿಗೆ ಪೂರಾ ಇಲ್ಲವಾಯಿತು ಅನ್ನುವಷ್ಟರಲ್ಲಿ ಅದರ ಮೇಲೆ ಇನ್ನೊಂದು ಸದ್ದು ಬೀಳುತ್ತಿತ್ತು.

“ಎಡಕ್ಕರಿ ಅಣ್ಣಾರ! ಎಡಕ್ಕ! ಗಿಡದ ನೆತ್ತಿಗೆ ಬಂತ ನೋಡ್ರಿ, ಮ್ಯಾಲ ಎಬ್ಬಸ್ರಿ!”

ಸ್ಕಾಟ್ಲಂಡಿನ ಒಂದು ಕೆರೆಯ ದಂಡೆ. ಅಲ್ಲಿಯ ಜನ ಎಷ್ಟು ಮೆತ್ತಗೆ ಮಾತಾಡುತ್ತಾರೆಂದರೆ ಅವರ ನಾಯಿಗಳು ಕೂಡ ಬೊಗಳುವ ಮುಂಚೆ ವಿಚಾರ ಮಾಡುತ್ತವೆ. ಅಂಥ ಕಡೆ ಹುನಗುಂದ ತಾಲೂಕಿನ ಆ ಗಂಟಲು ಆಚೆ ದಂಡೆಗೆ ಹೋಗಿ ಬಡಿದು ತಿರುಗಿ ಬರುತ್ತಿತ್ತು. ಡ್ರೋನ್ ಹಾರಿಸುತ್ತಿದ್ದವರು ನಮ್ಮ ಯಜಮಾನರು. ಪಕ್ಕದಲ್ಲಿ ನಿಂತು ಕೂಗುತ್ತಿದ್ದವಳು ನಮ್ಮ ನೆರೆಮನೆಯ ನಿವೃತ್ತ ಪಿ.ಟಿ. ಟೀಚರ್. ನಾನು ಬೆಂಚಿನ ಮೇಲೆ ಮಡಚಿದ ಛತ್ರಿ ಹಿಡಿದು ಕುಳಿತಿದ್ದೆ. ಆ ದನಿ ಈಗಿಲ್ಲ, ಆಕೆಯೇ ಇಲ್ಲ. ಆದರೆ ಅದು ನೆನಪಾದರೆ ನನಗೆ ಇವತ್ತಿಗೂ ಮೊದಲು ಆಗುವುದು ಹೊಟ್ಟೆಕಿಚ್ಚು. ದುಃಖವೆಲ್ಲ ಆಮೇಲೆ. ಐ ಯಾಮ್ ಸಾರಿ, ಆದರೆ ಖರೆ ಅದೇ.

ನಾವಿರುವುದು ಬಾಗಲಕೋಟೆಯ ನವನಗರದಲ್ಲಿ. ಯಜಮಾನರು ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದವರು. ಮರೋಳ, ರಾಮಥಾಳದ ಏತ ನೀರಾವರಿ ಕೆಲಸದಲ್ಲಿ ಪಂಪು, ಪೈಪು, ವಾಲ್ವುಗಳ ನಡುವೆ ಕೂದಲು ಬೆಳ್ಳಗೆ ಮಾಡಿಕೊಂಡರು. ನಾನು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಕಲಿತವಳು, ಮುಂದೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವಳು. ಮದುವೆಯಾದಾಗಿನಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿ. ಹೊಸ ಯಂತ್ರ ಯಾವುದೇ ಬರಲಿ, ಫ್ರಿಜ್ ಆಗಲಿ, ಮಿಕ್ಸರ್ ಆಗಲಿ, ಅದರ ಜೊತೆ ಬಂದ ಇಂಗ್ಲಿಷ್ ಪುಸ್ತಿಕೆಯನ್ನು ನಾನು ದೊಡ್ಡ ದನಿಯಲ್ಲಿ ಓದಬೇಕು, ಅವರು ಸ್ಕ್ರೂಡ್ರೈವರ್ ಹಿಡಿದು ಕೇಳಬೇಕು. ಅವರಿಗೇನು ಇಂಗ್ಲಿಷ್ ಬಾರದೆಂದಲ್ಲ, ಬಿ.ಇ. ಮಾಡಿದವರು. ಆದರೆ ಮದುವೆಯ ಹೊಸತರಲ್ಲಿ ಒಂದು ರೇಡಿಯೋ ಮುಂದೆ ಕುಳಿತು, “ನೀ ಓದು. ನೀ ಓದಿದ್ರ ಕಿವಿಗೆ ಛಲೋ ಅನಸ್ತದ” ಅಂದಿದ್ದರು. ಬೇರೆ ಹೆಂಗಸರಿಗೆ ಅವರ ಗಂಡಂದಿರು ಏನೇನು ಹೇಳಿರುತ್ತಾರೋ ಗೊತ್ತಿಲ್ಲ. ನನಗೆ ಸಿಕ್ಕದ್ದು ಆ ಒಂದು ಮಾತು. ಅದನ್ನು ಇಟ್ಟುಕೊಂಡೇ ಇಷ್ಟು ವರ್ಷ ಸಂಸಾರ ಮಾಡಿದೆ.

ನಿವೃತ್ತರಾಗಿ ಬಹಳ ಕಾಲವಾದ ಮೇಲೆ ಒಂದು ದಿನ ರಾಮಥಾಳದ ಹೊಲಗಳ ಮೇಲೆ ಯಾರೋ ಸರ್ವೆಗೆಂದು ಡ್ರೋನ್ ಹಾರಿಸುವುದನ್ನು ನೋಡಿ ಬಂದರು. ಅವತ್ತು ಊಟದಲ್ಲಿ ಮನಸ್ಸಿಲ್ಲ. ರೊಟ್ಟಿ ಮುರಿದು ಮುರಿದು ತಾಟಿನ ಮೇಲೆ ಹಾರಿಸುತ್ತಿದ್ದರು. ಕಡೆಗೆ ಸಣ್ಣದೊಂದು, ಅಂಗೈಯಗಲದ್ದು, ತರಿಸಿಯೇಬಿಟ್ಟರು. ಅದರ ಪುಸ್ತಿಕೆ ಓದಿದವಳೂ ನಾನೇ. ಅದರಲ್ಲಿ ಒಂದು ಕಡೆ ಬರೆದಿತ್ತು: ಹಾರಿಸುವವರ ಕಣ್ಣು ಕೈಯಲ್ಲಿಯ ಪರದೆಯ ಮೇಲಿರುತ್ತದೆ, ಆದ್ದರಿಂದ ಪಕ್ಕದಲ್ಲಿ ಇನ್ನೊಬ್ಬರು ನಿಂತು ಆಕಾಶದಲ್ಲಿ ಅದನ್ನೇ ನೋಡುತ್ತ, ಗಿಡ ಬಂತು, ತಂತಿ ಬಂತು, ಹಕ್ಕಿ ಬಂತು ಎಂದು ಹೇಳುತ್ತಿರಬೇಕು. ಓದಿ ತಲೆಯೆತ್ತಿದೆ. ಅವರು ನನ್ನನ್ನೇ ನೋಡುತ್ತಿದ್ದರು.

“ಅದು ನಿನ್ನ ಕೆಲಸ” ಅಂದರು.

ಡಿಯರ್ ಮಿ, ಆ ದಿನವೆಲ್ಲ ನಾನು ಗುನುಗಿಕೊಂಡೇ ಅಡುಗೆ ಮಾಡಿದೆ.

ಆದರೆ ನನ್ನ ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು. ಆಪರೇಶನ್ ಎಂದರೆ ನನಗೆ ಹೆದರಿಕೆ, ಡಾಕ್ಟರೂ ಅವಸರವಿಲ್ಲ ಅಂದಿದ್ದರು, ಹಾಗೇ ನಡೆಸಿಕೊಂಡು ಬಂದಿದ್ದೆ. ಎದುರಿಗಿದ್ದ ಪುಸ್ತಕ ಸರಿ. ದೂರದ್ದೆಲ್ಲ ಅನ್ನದ ಗಂಜಿಯ ಆವಿಯೊಳಗಿಂದ ಕಂಡ ಹಾಗೆ. ಟೆರೇಸಿನ ಮೇಲೆ ನಮ್ಮ ಮೊದಲನೆಯ ಹಾರಾಟ ನಡೆದದ್ದು ಹೀಗೆ:

“ಎಲ್ಲೆ ಅದ?”

“ಅಲ್ಲೇ, ಮ್ಯಾಲೆ.”

“ಮ್ಯಾಲೆ ಅಂದ್ರ ಎಲ್ಲೆ? ನೀರಿನ ಟಾಕಿ ಕಡೆನೋ, ಬೇವಿನ ಗಿಡದ ಕಡೆನೋ?”

“ಟಾಕಿ ಕಡೆ. ಹೊಂಟದ ನೋಡ್ರಿ, ನಿಧಾನ ಹೊಂಟದ.”

“ಅದು ಇಳದು ನನ್ನ ಕಾಲ ಬುಡಕ್ಕ ಕೂತದ. ನೀ ನೋಡ್ಲಿಕತ್ತಿದ್ದು ಹದ್ದು.”

ಅವರು ನಕ್ಕರು, ನಾನೂ ನಕ್ಕೆ. ನಗುವಂಥದ್ದೇ ಅದು ಆಗ.

ಜಾಗದ ಪಂಚಾಯಿತಿ ಬೇರೆ. ಟೆರೇಸಿನಿಂದ ಹಾರಿಸಿದರೆ ತಮ್ಮ ಬಚ್ಚಲು ಕಾಣುತ್ತದೆಂದು ಓಣಿಯವರು ಜಗಳಕ್ಕೆ ಬಂದರು. ಬಾದಾಮಿಗೆ ಒಯ್ದರೆ ಬ್ಯಾಗಿನ ಜಿಪ್ ಎಳೆಯುವ ಮೊದಲೇ ಕಾವಲಿನವನು ಓಡಿ ಬಂದ. “ಸರ್, ಇಲ್ಲಿ ಹಾರಸಂಗಿಲ್ರಿ. ಗುಡಿ, ಗವಿ ಇದ್ದಲ್ಲೆಲ್ಲ ಬಂದ್ ಐತ್ರಿ.” ಮಹಾಕೂಟದಲ್ಲೂ ಅದೇ ಹಾಡು. ಯಜಮಾನರಿಗೆ ಸಿಟ್ಟು ಬಂತು. “ಅಲ್ಲಪಾ, ಈ ಜಿಲ್ಲಾದಾಗ ಗುಡಿ ಇಲ್ಲದ ಜಾಗಾ ಎಲ್ಲೆ ಅದ, ನೀನs ಹೇಳು” ಎಂದರೆ ಅಲ್ಲಿಯವನು ತಲೆ ಕೆರೆದುಕೊಂಡು, “ಯಾರದರ ಹೊಲದಾಗ ನೋಡ್ರಿ ಸರ್” ಅಂದ.

ಈ ಕಥೆಯನ್ನು ಅವರು ಕಾಂಪೌಂಡ್ ಗೋಡೆಯ ಹತ್ತಿರ ನಿಂತು ಹೇಳುತ್ತಿದ್ದಾಗ ಆಚೆಯಿಂದ ಉತ್ತರ ಬಂತು.

“ನಮ್ಮ ತಮ್ಮನ ಹೊಲ ಐತಲ್ರಿ ಅಣ್ಣಾರ, ರಾಮಥಾಳದಾಗ. ಕಡ್ಲಿ ಕಿತ್ತು ಬಟಾಬಯಲ ಬಿದ್ದೈತಿ. ಡ್ರೋನ್ ಯಾಕ, ಖರೆ ವಿಮಾನ ತಂದು ಇಳಸ್ರಿ!”

ಆ ಟೀಚರ್. ನನಗಿಂತ ಎರಡು-ಮೂರು ವರ್ಷಕ್ಕೆ ಚಿಕ್ಕವಳಿರಬೇಕು. ಗಂಡ ತೀರಿ ಬಹಳ ದಿನವಾಗಿತ್ತು, ಮಕ್ಕಳಿರಲಿಲ್ಲ. ಅಗಲ ಭುಜ, ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು, ಹಣೆಗೆ ಬೀರಪ್ಪನ ಭಂಡಾರ ಅಂದರೆ ಆ ಅರಿಶಿಣದ ಪುಡಿ. ಅವರದು ಕುರಿ ಸಾಕಿದ ಮನೆತನ. ಆಕೆಯೇ ಮೊದಲು ಸಾಲೆ ಕಲಿತು ನೌಕರಿ ಹಿಡಿದವಳು. ನಕ್ಕರೆ ನಮ್ಮ ಮನೆಯ ಪಾತ್ರೆಗಳು ಅದುರುತ್ತಿದ್ದವು. ಯಜಮಾನರನ್ನು ಅಣ್ಣಾರ ಎಂದೂ ನನ್ನನ್ನು, ಅಣ್ಣನ ಹೆಂಡತಿಯಾದ್ದರಿಂದ, ವೈನಿ ಎಂದೂ ಕರೆಯುತ್ತಿದ್ದಳು. ಸಾಲೆ ಕಲಿಸುವ ಹೆಂಗಸರನ್ನು ಎಲ್ಲರೂ ಕರೆಯುವ ಹಾಗೆ ಯಜಮಾನರು ಆಕೆಯನ್ನು ಅಕ್ಕೋರ ಅನ್ನುತ್ತಿದ್ದರು. ಇಷ್ಟು ನೆಂಟಸ್ತಿಕೆಯ ಮಾತಿದ್ದ ಕಡೆ ಯಾರಾದರೂ ಮನಸ್ಸು ಕೆಡಿಸಿಕೊಳ್ಳುತ್ತಾರೆಯೇ? ಕೆಡಿಸಿಕೊಂಡೆ.

ಆ ಹೊಲದಲ್ಲಿ ಮೊದಲ ದಿನವೇ ಆದದ್ದು. ಡ್ರೋನ್ ಮೇಲೆದ್ದಿತು, ನಾನು ಅಭ್ಯಾಸದಂತೆ “ಕಾಣ್ತದ, ಕಾಣ್ತದ” ಅನ್ನುತ್ತಿದ್ದೆ. ಬದುವಿನ ಮೇಲೆ ಕುಳಿತು ಶೇಂಗಾ ತಿನ್ನುತ್ತಿದ್ದ ಆಕೆ ಕೂತಲ್ಲಿಂದಲೇ, “ಅಣ್ಣಾರ, ಅದು ಕಾಲುವಿ ದಾಟಿತು. ಜಾಲಿ ಗಿಡದ ಆಚಿಗೆ ಐತಿ. ಹಿಂದ ಒಂದು ಗಿಡುಗ ಬಿದ್ದೈತಿ ನೋಡ್ರಿ, ತಗೊಂಡ ಹೋಗತೈತಿ!” ಎಂದಳು. ಯಜಮಾನರು ಗಾಬರಿಯಾಗಿ ಇಳಿಸಿದರು. ಗಿಡುಗ ನಿಜವಾಗಿಯೂ ಬೆನ್ನು ಹತ್ತಿತ್ತು.

“ಅಷ್ಟ ದೂರದ್ದು ಹೆಂಗ ಕಾಣ್ತದರಿ ಅಕ್ಕೋರ?”

“ಸಣ್ಣಾಕಿದ್ದಾಗ ಮರಿ ಕಾಯಾಕ ಕುಂದರಸ್ತಿದ್ರು. ಮ್ಯಾಲ ನೋಡೂದs ಕೆಲಸ. ನೋಡ್ಲಿಲ್ಲಂದ್ರ ಹದ್ದು ಮರಿ ಒಯ್ತಿತ್ತು, ನಮ್ಮಪ್ಪ ನಮ್ಮ ಚರ್ಮ ಒಯ್ತಿದ್ದ!”

ಮರುದಿನದಿಂದ ಹೊಲಕ್ಕೆ ಹೊರಡುವ ಮುಂಚೆ ಅವರು ಚಪ್ಪಲಿ ಹುಡುಕುತ್ತ ಹೇಳುವ ಮಾತು ಬದಲಾಯಿತು. ಮೊದಲು “ನೀ ತಯಾರಾದಿ?” ಇತ್ತು. ಈಗ “ಅಕ್ಕೋರಿಗೆ ಒಂದು ಫೋನ್ ಹಚ್ಚು.” ಹಚ್ಚುವವಳು ನಾನೇ, ಮೈಂಡ್ ಯು.

ಇದನ್ನು ಓದುವವರು ಬೇರೆ ಅರ್ಥ ಮಾಡಿಕೊಳ್ಳಬಾರದು. ಎಪ್ಪತ್ತು ದಾಟಿದ ಗಂಡ, ಮುಖದ ಮೇಲಿದ್ದ ಚಾಳೀಸನ್ನು ಮನೆಯೆಲ್ಲ ಹುಡುಕುವವರು, ಎಲ್ಲಿಗೆ ಓಡಿಹೋಗುತ್ತಾರೆ? ಆ ಹೆದರಿಕೆ ನನಗಿರಲಿಲ್ಲ. ನನಗೆ ಉರಿಯುತ್ತಿದ್ದದ್ದು “ನೀವು ನೋಡ್ರಿ” ಎಂದು ಅವರು ಆಕೆಗೆ ಹೇಳುವ ರೀತಿ. ಹೇಳಿ, ಕತ್ತು ಬಗ್ಗಿಸಿ, ಪರದೆಯೊಳಗೆ ಮುಳುಗಿಬಿಡುವ ಆ ನೆಮ್ಮದಿ. ಇಡೀ ಆಕಾಶವನ್ನು ಒಬ್ಬರ ಕೈಗೆ ಕೊಟ್ಟು ನಿಶ್ಚಿಂತೆಯಾಗುವ ಹಾಗೆ. ಅದು ನನ್ನ ಪಾಲಿನದು. ಪುಸ್ತಿಕೆ ಓದಿದವಳು ನಾನು.

ಹಾಗಿದ್ದೂ ಸ್ಕಾಟ್ಲಂಡಿಗೆ ಆಕೆಯನ್ನು ಕರೆದವಳು ನಾನೇ. ಕಾನ್ವೆಂಟಿನ ಪಾರ್ಲರಿನಲ್ಲಿ, ಅಂದರೆ ಬಂದವರು ಕೂರುವ ಕೋಣೆಯಲ್ಲಿ, ಒಂದು ಹಳೆಯ ಕ್ಯಾಲೆಂಡರ್ ಇತ್ತು; ಗುಡ್ಡ, ಕೆರೆ, ಮಂಜು. ಅದು ಸ್ಕಾಟ್ಲಂಡ್ ಎಂದು ಸಿಸ್ಟರ್ ಹೇಳಿದ್ದರು. ಫೀಸು ತಡವಾದ ಹುಡುಗಿಯರು ಆ ಕ್ಯಾಲೆಂಡರಿನ ಕೆಳಗೆ ನಿಲ್ಲಬೇಕಿತ್ತು, ನಾನು ಅದನ್ನು ಬೇಕಾದಷ್ಟು ನೋಡಿದ್ದೇನೆ. ಹುಬ್ಬಳ್ಳಿಯ ಟೂರಿನವರು ದಸರೆಯ ಹೊತ್ತಿಗೆ ಅಲ್ಲಿಗೊಂದು ಬ್ಯಾಚ್ ಒಯ್ಯುತ್ತಾರೆಂದು ಗೊತ್ತಾದಾಗ ಹಟ ಹಿಡಿದೆ. ಅಲ್ಲಿ ಬಯಲು ಗುಡ್ಡದಲ್ಲಿ, ನಿಯಮ ಪಾಲಿಸಿದರೆ, ಸಣ್ಣ ಡ್ರೋನ್ ಹಾರಿಸಬಹುದು ಎಂದು ಓದಿ ಹೇಳಿದ ಮೇಲೆ ಯಜಮಾನರೂ ಒಪ್ಪಿದರು. ಅದರ ಆನ್‌ಲೈನ್ ನೋಂದಣಿ ಮಾಡಿದವಳು ನಾನು. ಆಮೇಲೆ ವಿಚಾರ ಬಂತು: ಇವರು ಡ್ರೋನ್ ಹಿಡಿದು ನಿಂತರೆ ನನ್ನ ಜೊತೆ ಮಾತಿಗೆ ಯಾರು? “ನೀವೂ ಬರ್ರಿ, ನನಗ ಕಂಪನಿ ಆಗ್ತದ” ಎಂದು ಗೋಡೆಯ ಮೇಲಿಂದ ಕರೆದೆ. ಆಕೆ ಒಂದು ಮಾತಿಗೆ ಒಪ್ಪಿದಳು. ಎಂಥ ಹುಚ್ಚಿ ನಾನು.

ಪ್ರಯಾಣದಲ್ಲಿ ನನ್ನ ಕಾಲ ಬಂದದ್ದು ಒಮ್ಮೆ ಮಾತ್ರ. ಪರದೇಶದಲ್ಲಿ ವಿಮಾನ ಬದಲಿಸುವಾಗ ಆಕೆಯ ಕೈಚೀಲದಲ್ಲಿ ಭಂಡಾರದ ಪೊಟ್ಟಣ ಸಿಕ್ಕಿ, ಅಲ್ಲಿಯ ಏರ್‌ಪೋರ್ಟಿನ ಅಧಿಕಾರಿ ಆ ಹಳದಿ ಪುಡಿಯನ್ನು ಬೆಳಕಿಗೆ ಹಿಡಿದು ಇದೇನು ಎಂದ. ಆಕೆ ಹಣೆ ತೋರಿಸಿದಳು. ಅವನಿಗೆ ತಿಳಿಯಲಿಲ್ಲ. ನಾನು ಮುಂದೆ ಬಂದು, ಸಿಸ್ಟರ್ ಕಲಿಸಿದ ಉಚ್ಚಾರದಲ್ಲಿ, “ಟರ್ಮರಿಕ್, ಆಫಿಸರ್. ಫಾರ್ ವರ್ಷಿಪ್” ಅಂದೆ. ಬಿಟ್ಟುಬಿಟ್ಟ. ಯಜಮಾನರು, “ನೋಡ್ರಿ ಅಕ್ಕೋರ, ನಮ್ಮಾಕಿ ಇಂಗ್ಲಿಷ್” ಅಂದರು. ವಿಮಾನದಲ್ಲಿ ನಾನು ತುಂಬ ಚೆನ್ನಾಗಿ ನಿದ್ದೆ ಮಾಡಿದೆ.

ಅಲ್ಲಿ ಇಳಿದ ಮೇಲೆ ಆ ಇಂಗ್ಲಿಷೂ ಕೈಕೊಟ್ಟಿತು. ನಮ್ಮ ಗೆಸ್ಟ್ ಹೌಸಿನ ಹಿಂದಿನ ಗುಡ್ಡದಲ್ಲಿ ಒಬ್ಬ ಮುದುಕ ಕುರಿ ಮೇಯಿಸುತ್ತಿದ್ದ. ಅಲ್ಲಿ ಹಾರಿಸಬಹುದೇ ಎಂದು ಕೇಳಲು ಮೂವರೂ ಹೋದೆವು. ಅವನು ಹೇಳಿದ್ದರಲ್ಲಿ ಒಂದು ಶಬ್ದ ನನಗೆ ತಿಳಿದಿದ್ದರೆ ಕೇಳಿ. “ಪಾರ್ಡನ್?” ಅಂದೆ. ಮತ್ತೆ ಹೇಳಿದ. “ಐ ಬೆಗ್ ಯುವರ್ ಪಾರ್ಡನ್?” ಅಂದೆ. ಅಷ್ಟರಲ್ಲಿ ನಮ್ಮ ಟೀಚರ್ ಒಂದು ಕುರಿಯ ಹಿಂಗಾಲು ಹಿಡಿದು, ಗೊರಸು ನೋಡಿ, ಮುಖ ಸೊಟ್ಟ ಮಾಡಿ ಅವನಿಗೆ ತೋರಿಸಿದಳು. ಅವನು ತಲೆಯಾಡಿಸಿದ. ಆಮೇಲೆ ಇಬ್ಬರೂ ಕೈಸನ್ನೆಯಲ್ಲಿ ಮಾತಿಗೆ ಕುಳಿತರು, ಒಂದೇ ಊರಿನವರ ಹಾಗೆ.

“ಏನಂತ?” ಎಂದು ಯಜಮಾನರು ಕೇಳಿದ್ದು ನನ್ನನ್ನಲ್ಲ, ಆಕೆಯನ್ನು.

“ಗುಡ್ಡದಾಗ ಬ್ಯಾಡ, ಕುರಿ ಬೆದರತಾವ ಅಂತಾನ್ರಿ. ಕೆರಿ ಮ್ಯಾಲ ಹಾರಸ್ರಿ ಅಂತಾನ. ಭಾಳ ಛಲೋ ಮನಷ್ಯಾ.”

ಹಾಗಾಗಿ ಕೆರೆ. ಬೆಳಗ್ಗೆ ತಿಂಡಿಯಾದ ಕೂಡಲೇ ಇಬ್ಬರೂ ದಂಡೆಗೆ. ಅಲ್ಲಿಯ ಹವೆಗೆಂದು ನಾನು ಪ್ಯಾಂಟು, ಸ್ವೆಟರು, ಗೋಧಿ ಬಣ್ಣದ ರೇನ್‌ಕೋಟು ಒಯ್ದಿದ್ದೆ. ಆಕೆ ಇಳಕಲ್ ಸೀರೆಯ ಮೇಲೆಯೇ ಒಂದು ಗಂಡಸರ ಜರ್ಕಿನ್ ಹಾಕಿಕೊಂಡು, ಕೆಂಪು ಸೆರಗನ್ನು ಅದರ ಹೊರಗೆ ಎಳೆದು ಹೊದ್ದುಕೊಳ್ಳುತ್ತಿದ್ದಳು. ಒಂದು ದಿನ ಸೀರೆ ಬಿಟ್ಟು ಚೂಡಿದಾರ್ ಹಾಕಿ ಬಂದಳು. ಯಜಮಾನರು ಸುಮ್ಮನಿರಬೇಕಲ್ಲ?

“ಅಕ್ಕೋರ, ಆ ಕೆಂಪ ಸೆರಗs ಛಲೋ ಇತ್ರಿ. ಮ್ಯಾಲಿಂದ ಎಲ್ಲಾ ಹಸರ ಕಾಣ್ತದ, ನಾವು ನಿಂತದ್ದು ಎಲ್ಲೆ ಗೊತ್ತಾಗೂದಿಲ್ಲ. ಆ ಸೆರಗು ಕಂಡ್ರ ಸಾಕು, ನಾ ತಿರುಗಿ ಬಂದs ಬಿಡ್ತೇನಿ.”

ಹಾರಿಸುವವರು ಆಡುವ ಲೆಕ್ಕದ ಮಾತು ಅದು. ನನಗೆ ಗೊತ್ತು. ಆದರೆ ಮನೆಯಲ್ಲಿ ಗೋದ್ರೇಜಿನಲ್ಲಿ ನನ್ನ ತಾಯಿಯ ಇಳಕಲ್ ಸೀರೆ ಇತ್ತು, ಇದಕ್ಕಿಂತ ಒಳ್ಳೆಯದು, ಇದಕ್ಕಿಂತ ಕೆಂಪು. ಅದನ್ನು ಬಿಟ್ಟು ರೇನ್‌ಕೋಟ್ ತಂದವಳು ನಾನು.

ಖಂಡೇನವಮಿ ಅಲ್ಲಿಯೇ ಬಂತು. ನಮ್ಮಲ್ಲಿ ಅವತ್ತು ಮನೆಯ ಯಂತ್ರಗಳಿಗೆಲ್ಲ ಪೂಜೆ. ಕಾರು, ಹೊಲಿಗೆ ಮಷೀನು, ಕಡೆಗೆ ಈಳಿಗೆಗೂ. “ಇಲ್ಲೆ ನಮ್ಮ ಆಯುಧ ಅಂದ್ರ ಇದೊಂದs” ಎಂದು ಯಜಮಾನರು ಡ್ರೋನನ್ನು ಗೆಸ್ಟ್ ಹೌಸಿನ ಟೇಬಲ್ಲಿನ ಮೇಲೆ, ಬಿಳಿಯ ಟವೆಲ್ ಹಾಸಿ, ಇಟ್ಟರು. ನಾನು ಅದರ ನೆತ್ತಿಗೆ ಒಂದು ಕುಂಕುಮದ ಬೊಟ್ಟಿಟ್ಟೆ. ಚಿಕ್ಕದು, ಟೇಸ್ಟ್‌ಫುಲ್ ಆದದ್ದು. ಟೀಚರ್ ಪೊಟ್ಟಣ ಬಿಚ್ಚಿದಳು. ನಾಲ್ಕೂ ರೆಕ್ಕೆಯ ತೋಳಿಗೆ ಭಂಡಾರ ಹಚ್ಚಿದಳು, ಆಮೇಲೆ ಅದನ್ನು ಅಂಗಾತ ಮಾಡಿ ಹೊಟ್ಟೆಗೂ ನೀರಲ್ಲಿ ಕಲಸಿ ಬಳಿದಳು.

“ಕೆಳಗ ಯಾಕ?” ಎಂದೆ.

“ಟ್ಯಾಕ್ಟರಿಗೆ ಗಾಲಿಗೆ ಹಚ್ಚೂದಿಲ್ಲೇನ್ರಿ ವೈನಿ? ಮಾರಿಗಷ್ಟ ಹಚ್ಚಿ ಹೊಟ್ಟಿ ಬಿಟ್ರ ನಮ್ಮ ಬೀರಪ್ಪ ಸಿಟ್ಟಾಗತಾನ.”

ಆ ಹೊಟ್ಟೆಯಲ್ಲಿ ಎರಡು ಸಣ್ಣ ಕಣ್ಣುಗಳಿದ್ದವು. ಇಳಿಯುವಾಗ ಅದು ನೆಲವನ್ನು ನೋಡುವುದು ಅವುಗಳಿಂದಲೇ. ಪುಸ್ತಿಕೆಯಲ್ಲಿ ಅದನ್ನೂ ನಾನೇ ಓದಿ ಹೇಳಿದ್ದೆ. ಆ ಹೊತ್ತಿಗೆ ಮೂವರಲ್ಲಿ ಒಬ್ಬರಿಗೂ ನೆನಪಾಗಲಿಲ್ಲ. ಪೂಜೆ ಮಾಡುವಾಗ ಪುಸ್ತಿಕೆ ಯಾರು ನೆನೆಯುತ್ತಾರೆ? ಕೈ ಮುಗಿದೆವು, ಒಂದು ನಿಂಬೆಹಣ್ಣು ಹೆಚ್ಚಿ ಕುಂಕುಮ ಹಚ್ಚಿ ಆ ಕಡೆ ಈ ಕಡೆ ಇಟ್ಟೆವು, ದಂಡೆಗೆ ಹೋದೆವು.

ಹೋಗುವಾಗ ಎಲ್ಲ ಸರಿಯಾಗಿತ್ತು. ಕೆರೆಯ ನಡುವೆ ಹೋಗಿ, ಸುತ್ತು ಹಾಕಿ, ಕೆಂಪು ಸೆರಗು ನೋಡಿ ತಿರುಗಿ ಬಂತು. ಇಳಿಯುವಾಗ ಹುಚ್ಚು ಹಿಡಿಯಿತು. ಆಳೆತ್ತರಕ್ಕೆ ಬರುವುದು, ನೆಲ ಎಲ್ಲಿದೆಯೆಂದು ತಿಳಿಯದ ಹಾಗೆ ತೂರಾಡುವುದು, ಪಕ್ಕಕ್ಕೆ ಸರಿಯುವುದು. ಗಾಳಿ ಅದನ್ನು ನೀರಿನ ಕಡೆಗೆ ತಳ್ಳತೊಡಗಿತು. ಬ್ಯಾಟರಿ ಮುಗಿಯುತ್ತ ಬಂದಿತ್ತು. ಯಜಮಾನರು ಪರದೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಕೂಗಿದರು.

“ಏನೋ ಇಂಗ್ಲಿಷ್ ಬಂತು! ಏ, ಬಾ ಇಲ್ಲೆ, ಓದು! ಲಗೂ ಓದು!”

ನನ್ನನ್ನೇ ಕರೆದದ್ದು. ಛತ್ರಿ ಬಿಸಾಡಿ ಓಡಿದೆ. ಆ ಓಟವನ್ನು ನಾನು ಎಂದೂ ಮರೆಯುವುದಿಲ್ಲ. ಮೊಣಕಾಲು ನೋವು ಎಲ್ಲಿ ಹೋಗಿತ್ತೋ. ಅವರ ತೋಳಿಗೆ ತೋಳು ತಾಗಿಸಿ ನಿಂತು ಪರದೆಗೆ ಬಗ್ಗಿದೆ. ಆಗತಾನೇ ಶುರುವಾದ ತುಂತುರು ಮಳೆಗೆ ಚಾಳೀಸು ಮಬ್ಬಾಗಿತ್ತು. ಸೆರಗಿಲ್ಲ ಒರೆಸಿಕೊಳ್ಳಲು, ರೇನ್‌ಕೋಟಿಗೆ ತಿಕ್ಕಿದರೆ ಇನ್ನಷ್ಟು ಮಬ್ಬು. “ಪ್ಲೀಸ್… ಕ್ಲೀನ್… ದ ಲೋವರ್…” ಅನ್ನುವಷ್ಟರಲ್ಲಿ ದಡಬಡ ನೀರಿನ ಸದ್ದು. ತಲೆಯೆತ್ತಿ ನೋಡಿದರೆ ಟೀಚರ್ ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದದ ನೀರಿನಲ್ಲಿ ನಿಂತಿದ್ದಳು. ಒಂದು ಜಿಗಿತ. ಮೇಲಿಂದ ಬರುವ ಚೆಂಡು ಹಿಡಿಯುವ ಹಾಗೆ, ಹೊಟ್ಟೆಯ ಕೆಳಗೆ ಕೈಹಾಕಿ ಹಿಡಿದೇಬಿಟ್ಟಳು. ಅದು ಆಕೆಯ ಕೈಯಲ್ಲಿ ಸ್ವಲ್ಪ ಹೊತ್ತು ಬಡಕೊಂಡು ಸುಮ್ಮನಾಯಿತು.

“ಶಭಾಸ್ ಅಕ್ಕೋರ!” ಯಜಮಾನರು ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದರು. ಆಕೆ ನಡುಗುತ್ತ ದಂಡೆಗೆ ಬಂದು ಕಲ್ಲಿನ ಮೇಲೆ ಕುಳಿತಳು. ಆ ನೀರು ಬರ್ಫಿನಂತೆ ಕೊರೆಯುತ್ತಿತ್ತು. ಆಗ ಅವರು ತಮ್ಮ ಕೊರಳಿನ ಮಫ್ಲರ್ ತೆಗೆದು, “ಕಾಲು ಒರಸ್ಕೋರಿ, ಥಂಡಿ ಹಿಡೀತದ” ಎಂದು ಕೊಟ್ಟರು.

ಕಂದು ಉಣ್ಣೆಯ ಮಫ್ಲರ್. ನಾನು ಹೆಣೆದದ್ದು. ಕಾನ್ವೆಂಟಿನ ನೀಡಲ್‌ವರ್ಕ್ ಕ್ಲಾಸಿನಲ್ಲಿ ಕಲಿತ ಕೇಬಲ್ ಸ್ಟಿಚ್ಚು, ಒಂದು ಚಳಿಗಾಲವೆಲ್ಲ ಕುಳಿತು ಹೆಣೆದದ್ದು. ಆಕೆ ಅದರಿಂದ ಪಾದ ಒರೆಸಿಕೊಂಡು, ಬೆರಳ ಸಂದಿ ಒರೆಸಿಕೊಂಡು, ಹಿಂಡಿ, “ತಗೊಳ್ರಿ ವೈನಿ” ಎಂದು ನನ್ನ ಕೈಗೇ ಕೊಟ್ಟಳು. “ಹೆಂಗೈತಿ ನನ್ನ ಕ್ಯಾಚು? ಈ ವಯಸ್ಸಿನ್ಯಾಗ!” ಎಂದು ನಕ್ಕಳು. “ಬ್ಯೂಟಿಫುಲ್” ಅಂದೆ. ಹೊಟ್ಟೆಯ ಕಣ್ಣು ಒರೆಸಿರಿ ಎಂದು ಪರದೆಯ ಮೇಲೆ ಬಂದಿದ್ದ ಆ ಇಂಗ್ಲಿಷು ಏನೆಂದು ಕಡೆಗೂ ಯಾರೂ ನನ್ನನ್ನು ಕೇಳಲಿಲ್ಲ.

ಬಾಗಲಕೋಟೆಗೆ ಬಂದ ಮೇಲೆ ದೀಪಾವಳಿಯ ಫರಾಳ ತಿನ್ನಲು ನೆಂಟರು ಸೇರಿದ್ದರು. ಯಜಮಾನರು ಆ ವಿಡಿಯೋ ಟಿ.ವಿ.ಗೆ ಹಾಕಿದರು. ಮೇಲಿಂದ ತೆಗೆದದ್ದು, ಆ ನವಮಿಯ ದಿನದ್ದೇ. ಹಸಿರು, ನೀರು, ನೀರಿನ ದಂಡೆಗೆ ಕೆಂಪು ಚುಕ್ಕೆ, ಅದಕ್ಕೆ ಅಂಟಿಕೊಂಡಂತೆ ಒಂದು ಬೆಳ್ಳಿ ತಲೆ. ಇಬ್ಬರೂ ಹತ್ತಿರ ಹತ್ತಿರ ನಿಂತಿದ್ದಾರೆ. ಎಷ್ಟೋ ಆಚೆ ಒಂದು ಬೆಂಚು, ಬೆಂಚಿನ ಬಣ್ಣದ್ದೇ ಒಂದು ಗಂಟು. ನಾನು ನನ್ನನ್ನು ಅಷ್ಟು ಎತ್ತರದಿಂದ ಎಂದೂ ನೋಡಿರಲಿಲ್ಲ. ಯಾರೂ ನೋಡಿಕೊಳ್ಳಬಾರದು.

ಯಜಮಾನರ ಅಕ್ಕ ಚಕ್ಕಲಿ ಮುರಿಯುತ್ತ ಕೇಳಿದರು. “ಕೆಂಪ ಸೆರಗಿನಾಕಿ ಯಾರೋ?”

“ಅವರು ನಮ್ಮ ಅಕ್ಕೋರು, ಬಾಜೂ ಮನಿಯವರು.”

“ಮತ್ತ ಅಲ್ಲೆ ಕೂತದ್ದು? ಆ ಊರಿನ ಮುದುಕಿ ಏನು?”

“ಅಕಿ ನಮ್ಮಾಕಿ!”

ಮನೆ ತುಂಬ ನಗು. ನಾನು ಚಹಾ ತರುವೆನೆಂದು ಎದ್ದು ಹೋದೆ. ಒಲೆಯ ಮುಂದೆ ನಿಂತು ನಿರ್ಧಾರ ಮಾಡಿದೆ.

ಮುಂದಿನ ವಾರ ಕಣ್ಣಿನ ಡಾಕ್ಟರ ಹತ್ತಿರ ಹೋದೆ. “ಅವಸರ ಏನಿಲ್ಲ ಅಂದಿದ್ದೆನಲ್ಲ?” ಅಂದರು. “ಅವಸರ ಅದರಿ” ಅಂದೆ. ಹೆದರಿಕೆಯನ್ನು ಹೊಟ್ಟೆಕಿಚ್ಚು ಹೇಗೆ ತಿಂದುಹಾಕುತ್ತದೆ ಎಂದು ನನಗೆ ಆವರೆಗೆ ಗೊತ್ತಿರಲಿಲ್ಲ. ಮೊದಲು ಒಂದು, ಕೆಲವು ವಾರ ಬಿಟ್ಟು ಇನ್ನೊಂದು. ಎರಡೂ ಕಣ್ಣು ಮಾಡಿಸಿಕೊಂಡೆ. ಯಜಮಾನರು ಹಾಕಿದರೆ ಹನಿಯೆಲ್ಲ ಕೆನ್ನೆಗೆ, ಕಿವಿಗೆ. ಮತ್ತೆ ಯಾರು? ಆಕೆಯೇ. ಹೊತ್ತು ಹೊತ್ತಿಗೆ ಗೋಡೆ ಸುತ್ತಿ ಬಂದು, “ಮ್ಯಾಲ ನೋಡ್ರಿ ವೈನಿ, ಫ್ಯಾನ್ ನೋಡ್ರಿ” ಎಂದು, ದಪ್ಪ ಬೆರಳಿನಿಂದ ರೆಪ್ಪೆ ಎತ್ತಿ, ಗುರಿ ತಪ್ಪದ ಹಾಗೆ ಹಾಕುತ್ತಿದ್ದಳು. ಪಟ್ಟಿ ಬಿಚ್ಚಿದ ಮೇಲೆ ನಾನು ಸ್ಪಷ್ಟವಾಗಿ ಕಂಡ ಮೊದಲ ಮುಖ ಅದೇ. ಗಲ್ಲದ ಮೇಲೆ ಒಂದು ಹಳೆಯ ಗಾಯದ ಗೆರೆ ಇತ್ತು. ಇಷ್ಟು ವರ್ಷ ನೆರೆಯಲ್ಲಿದ್ದೂ ನನಗೆ ಗೊತ್ತಿರಲಿಲ್ಲ. ಆಕೆಯ ಉಪಕಾರ ಹೊತ್ತುಕೊಂಡು ಆಕೆಯ ಜಾಗ ಕಸಿದುಕೊಳ್ಳಲು ತಯಾರಾಗುತ್ತಿದ್ದೆ. ಬಿಸಿ ತುಪ್ಪ ಬಾಯಲ್ಲಿ ಇಟ್ಟುಕೊಂಡ ಹಾಗೆ.

ಕಡಲೆ ಕಿತ್ತ ಮೇಲೆ ಮತ್ತೆ ರಾಮಥಾಳದ ಹೊಲ. ಆ ಸಲ ನಾನು ಬದುವಿನ ಮೇಲೆ ಕೂರಲಿಲ್ಲ. ಯಜಮಾನರ ಬಲಕ್ಕೆ ಹೋಗಿ ನಿಂತೆ. ಆಕೆ ಎಡಕ್ಕೆ. ಡ್ರೋನ್ ಮೇಲೆದ್ದಿತು. ಕಂಡಿತು! ಓ, ಎಷ್ಟು ಚೆನ್ನಾಗಿ ಕಂಡಿತು! ರೆಕ್ಕೆಯ ತುದಿಯ ಸಣ್ಣ ದೀಪ ಕೂಡ ಕಂಡಿತು. ಜಾಲಿಯ ಎಲೆ ಎಲೆಯೂ ಬೇರೆ ಬೇರೆ ಕಂಡಿತು. ಕಾಲುವೆಯ ಕಡೆಗೆ ಹೋಗುತ್ತಿದ್ದಂತೆ ಅದರ ದಾರಿಯಲ್ಲಿ ಕರೆಂಟಿನ ತಂತಿ ಇದ್ದದ್ದನ್ನು ಆಕೆಗಿಂತ ಮೊದಲು ನಾನು ನೋಡಿದೆ.

“ತಂತಿ ಅದರಿ! ಬಲಕ್ಕ ತಗೋರಿ, ಬಲಕ್ಕ!”

ಅವರ ಹೆಬ್ಬೆರಳು ಅಲ್ಲಾಡಲಿಲ್ಲ. ಪರದೆಯಿಂದ ತಲೆಯೆತ್ತದೆಯೇ, ಎಡಕ್ಕೆ ವಾಲಿ ಕೇಳಿದರು:

“ಅಕ್ಕೋರ, ಹೌದೇನ್ರಿ?”

“ಹೌದ್ರಿ ಅಣ್ಣಾರ, ವೈನಿ ಹೇಳಿದ್ದು ಖರೆ ಐತಿ. ಬಲಕ್ಕ ಹೊಳ್ಳ್ರಿ!”

ಆಗ ಹೊರಳಿಸಿದರು. ನನ್ನ ಮಾತಿಗೆ ಆಕೆಯ ಸಾಕ್ಷಿ ಬೇಕಾಯಿತು. ಅವರಿಗೆ ತಾವೇನು ಮಾಡಿದರೆಂಬುದೇ ತಿಳಿದಿರಲಿಲ್ಲ. ಹದ್ದನ್ನು ತೋರಿಸಿದವಳನ್ನು ಯಾವ ಇಂಜಿನಿಯರ್ ನಂಬುತ್ತಾನೆ? ಆದರೆ ಆಕೆ ನನ್ನ ಮುಖ ನೋಡಿದಳು. ಅಷ್ಟು ದೂರದ ಗಿಡುಗ ಕಾಣುವವಳಿಗೆ ಅಷ್ಟು ಹತ್ತಿರದ್ದು ಕಾಣುವುದಿಲ್ಲವೇ?

ಡ್ರೋನ್ ಇಳಿದ ಮೇಲೆ ಆಕೆ ಚೀಲ ಹೆಗಲಿಗೇರಿಸಿದಳು. ಇಳಕಲ್ಲಿನಲ್ಲಿ ತಂಗಿಯ ಮನೆಯಲ್ಲಿ ಏನೋ ಕಾರ್ಯ, ಬಸ್ಸಿನ ಹೊತ್ತಾಗಿತ್ತು. ಹೊರಡುವ ಮುಂಚೆ ಹೇಳಿದಳು:

“ಅಣ್ಣಾರ, ಇವತ್ತ ಅದನ್ನ ವೈನಿ ಕೈಯಾಗ ಕೊಡ್ರಿ. ನೀವು ಮ್ಯಾಲ ನೋಡ್ರಿ, ಅವರು ಹಾರಸ್ಲಿ. ಯಾವತ್ತೂ ನೀವs ಹಿಡಕೊಂಡ ನಿಂತ್ರ ಹೆಂಗ?”

“ಅಕಿಗೆ ಬರೂದಿಲ್ಲರಿ.”

“ನಿಮಗ ಬಂದೈತೇನ? ಕೆರ್‍ಯಾಗ ಬೀಳ್ತಿದ್ದದ್ದು ಹಿಡದಾಕಿ ನಾ!”

ಯಜಮಾನರು ನಗುತ್ತ ರಿಮೋಟನ್ನು ನನ್ನ ಕೈಗಿಟ್ಟರು. ನಾನು ಕೇಳಲೂ ನಾಚಿದ್ದ ವಸ್ತು, ಅದೂ ಆಕೆಯ ಮಾತಿನಿಂದಲೇ ಬರಬೇಕಾಯಿತು. ಇಷ್ಟಕ್ಕೂ ಸಂತೋಷ ಪಡಲು ನನ್ನ ಮನಸ್ಸು ಬಿಡಲಿಲ್ಲ ನೋಡಿ.

ಆಮೇಲಿನದನ್ನು ಈಗಲೇ ಹೇಳಿಬಿಡುತ್ತೇನೆ. ಇಳಕಲ್ಲಿಗೆ ಹೋದವಳು ತಂಗಿಯ ಮನೆಯಲ್ಲಿ ನಾಲ್ಕು ದಿನ ಉಳಿದಳು. ಅಲ್ಲಿಯೇ ಒಂದು ಬೆಳಗ್ಗೆ ಎದೆ ನೋವೆಂದು ಕುಳಿತವಳು ದವಾಖಾನೆಗೆ ಹೋಗುವ ದಾರಿಯಲ್ಲಿ ತೀರಿಕೊಂಡಳು. ನಾವು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು, ಮುಖ ನೋಡಲು ಸಿಗಲಿಲ್ಲ. ಊರಿಗೆ ಬಂದು ಯಜಮಾನರು ಡ್ರೋನನ್ನು ಅದರ ಪೆಟ್ಟಿಗೆಯೊಳಗಿಟ್ಟು ಕಪಾಟಿಗೆ ಹಾಕಿದರು. ತಿಂಗಳಾಯಿತು, ಎರಡಾಯಿತು. ಒಂದು ದಿನ ನಾನೇ, “ಹೊಲಕ್ಕ ಹೋಗೂಣೇನು?” ಎಂದು ಕೇಳಿದೆ.

“ಯಾರು ನೋಡವ್ರು?” ಅಂದರು. “ಅಕ್ಕೋರs ಇಲ್ಲ.”

ಎರಡು ಹೊಸ ಕಣ್ಣು ಹೊತ್ತುಕೊಂಡು ನಾನು ಅವರ ಎದುರಿಗೇ ನಿಂತಿದ್ದೆ. ಸತ್ತವರ ಮೇಲೂ ಹೊಟ್ಟೆಕಿಚ್ಚು ಪಡಬಹುದು; ಮಾರಲ್ ಸೈನ್ಸ್ ಪಿರಿಯಡ್ಡಿನಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ರಿಮೋಟು ನನ್ನ ಕೈಗೆ ಬಂದ ಆ ದಿನ ಹೊಲದಲ್ಲಿ ಆಕೆ ಬದು ಹಿಡಿದು ರಸ್ತೆಯ ಕಡೆಗೆ ಹೊರಟಳು. ಯಜಮಾನರು ನನ್ನ ಹೆಗಲ ಹಿಂದೆ ನಿಂತು, “ನಿಧಾನ, ನಿಧಾನ, ಬರೇ ಮುಂದಕ್ಕ ಒತ್ತು” ಅನ್ನುತ್ತಿದ್ದರು. ಡ್ರೋನ್ ಆಕೆಯ ಹಿಂದೆಯೇ ಹೋಯಿತು. ಬೇರೆಲ್ಲಿಗೆ ಒಯ್ಯಬೇಕೆಂದು ನನಗೆ ತಿಳಿಯಲಿಲ್ಲ. ಪರದೆಯ ಮೇಲೆ ಆಕೆ ಬೆರಳಿನ ಉಗುರಿನಷ್ಟು. ಮೇಲಿಂದ ಕಂಡದ್ದು ಬೈತಲೆ, ಚೀಲ, ಕ್ಯಾನ್ವಾಸ್ ಬೂಟಿನ ತುದಿ. ಆಗಲೂ ನಡಿಗೆ ಡ್ರಿಲ್ಲಿನದು, ಲೆಫ್ಟ್ ರೈಟ್ ತಪ್ಪದ ಹಾಗೆ. ರಸ್ತೆಗೆ ಹತ್ತಿ, ನಿಂತು, ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದಳು. ಹುಡುಕಲೇ ಇಲ್ಲ, ತಲೆಯೆತ್ತಿದೊಡನೆ ಕಂಡಿತು. ಇಡೀ ತೋಳೆತ್ತಿ ಬೀಸಿದಳು. ಹಾರಿಸುತ್ತಿದ್ದವಳು ನಾನು, ಅದು ಆಕೆಗೆ ಗೊತ್ತಿತ್ತು. ಆದರೂ ಬೀಸಿದ್ದು ನನಗೋ, ಅವರಿಗೋ. ಯಜಮಾನರು ಅಲ್ಲಿಂದಲೇ ಕೈಯೆತ್ತಿ ಬೀಸಿದರು, ಅಷ್ಟು ದೂರಕ್ಕೆ ಆಕೆಗೆ ಕಾಣುವುದೆಂಬ ಭರವಸೆಯಿಂದ. ನನ್ನ ಎರಡೂ ಕೈ ರಿಮೋಟಿನ ಮೇಲಿದ್ದವು.

ಹುನಗುಂದದ ಕಡೆಯಿಂದ ಬಸ್ಸು ಬಂತು. ಮೇಲಿಂದ ನೋಡಿದರೆ ಬಸ್ಸಿನ ಟಾಪು ಮಾತ್ರ ಕಾಣುತ್ತದೆ. ಯಾರದೋ ಒಂದು ಹಾಸಿಗೆಯ ಸುರುಳಿ, ಒಂದು ಸೈಕಲ್. ಅದು ನಿಂತಿತು, ಹೊರಟಿತು. ರಸ್ತೆಯ ಮೇಲೆ ಆಕೆ ಇರಲಿಲ್ಲ. ಯಾವ ಕಿಟಕಿಗೆ ಕುಳಿತಳೋ, ಕಾಣಲಿಲ್ಲ.